ಹೊಸ ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಆಗುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್‌ಗಿಂತ ವೇಗದ ಡ್ರೈವ್) ಹಾಕಿಕೊಳ್ಳುವವರು ಈಗ ಜಾಸ್ತಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಆನ್‌ಲೈನಿನಲ್ಲೋ ಡ್ರೈವ್ ಕೊಂಡು ತರುತ್ತಾರೆ, ಸ್ಕ್ರೂ ಬಿಚ್ಚಿ ಕೂರಿಸುತ್ತಾರೆ, ಪವರ್ ಬಟನ್ ಒತ್ತುತ್ತಾರೆ. ಆಗ ಹಳೇ ಹಾರ್ಡ್‌ಡಿಸ್ಕ್‌ನಲ್ಲಿದ್ದ ವಿಂಡೋಸ್ಸೇ ಮತ್ತೆ ನಿಧಾನಕ್ಕೆ ತೆರೆದುಕೊಳ್ಳುತ್ತದೆ. ಇಲ್ಲವೇ ಕಪ್ಪು ಪರದೆಯ ಮೇಲೆ 'ನೋ ಬೂಟಬಲ್ ಡಿವೈಸ್' ಎಂಬ ಒಂದೇ ಸಾಲು ಕಾಣುತ್ತದೆ. ಎಚ್‌ಪಿ ಲ್ಯಾಪ್‌ಟಾಪ್ ಆದರೆ 'ಬೂಟ್ ಡಿವೈಸ್ ನಾಟ್ ಫೌಂಡ್' ಎಂದು ಬರೆದು ಕೆಳಗೆ '3ಎಫ್0' ಎಂಬ ಕೋಡ್ ಕೊಡುತ್ತದೆ. ಆಸುಸ್ ಲ್ಯಾಪ್‌ಟಾಪ್‌ಗಳು ಎಷ್ಟೋ ಸಲ ಏನೂ ಹೇಳದೆ ನೇರವಾಗಿ ಬಯೋಸ್ (ವಿಂಡೋಸ್‌ಗಿಂತ ಮೊದಲು ಏಳುವ, ಮದರ್‌ಬೋರ್ಡ್‌ನದೇ ತಂತ್ರಾಂಶ) ಪರದೆಗೇ ಬಂದು ನಿಲ್ಲುತ್ತವೆ.

ನಿಜವಾದ ತೊಂದರೆ ಶುರುವಾಗುವುದು ಇದರ ನಂತರ. ಬಯೋಸ್ ಒಳಗೆ ಹೋಗಿ ಕಂಡ ಕಂಡ ಸೆಟ್ಟಿಂಗನ್ನೆಲ್ಲ ಬದಲಾಯಿಸಿಬಿಡುತ್ತಾರೆ. ಸೆಕ್ಯೂರ್ ಬೂಟ್ (ಸಹಿ ಇರುವ ಬೂಟ್ ಫೈಲನ್ನು ಮಾತ್ರ ಬಿಡುವ ಕಾವಲು) ಆಫ್, ಲೆಗಸಿ (ಹಳೇ ಬಯೋಸ್ ರೀತಿಯ ಬೂಟ್) ಆನ್, ಸಾಟಾ (ಡ್ರೈವ್ ಜೋಡಿಸುವ ದಾರಿ) ಮೋಡ್ ಬೇರೆ. ಮೊದಲು ಇದ್ದದ್ದು ಒಂದು ದೋಷ, ಈಗ ಮೂರು. ಯಾವುದು ಮೂಲದ್ದು, ಯಾವುದು ನಾವು ಮಾಡಿದ್ದು ಅಂತ ಆಮೇಲೆ ಗೊತ್ತಾಗುವುದಿಲ್ಲ.

ಹಾಗಾಗಿ ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಡ್ರೈವ್ ಫರ್ಮ್‌ವೇರ್‌ನ, ಅಂದರೆ ಬಯೋಸ್‌ನ, ಕಣ್ಣಿಗೆ ಬಿದ್ದಿದೆಯಾ? ಬಿದ್ದಿದ್ದರೆ, ಬೂಟ್ ಪಟ್ಟಿಯಲ್ಲಿ ಅದರ ಹೆಸರು ಇದೆಯಾ? ಇದ್ದರೆ, ಅದನ್ನು ಆರಿಸಿದಾಗ ಏನಾಗುತ್ತದೆ? ನಾನು ನೋಡಿದ ಬಹುತೇಕ ಎಲ್ಲ ಕೇಸುಗಳೂ ಈ ಮೂರರಲ್ಲಿ ಒಂದರ ಹತ್ತಿರ ನಿಂತಿರುತ್ತವೆ. ಎಲ್ಲಿ ನಿಂತಿದೆ ಅಂತ ಗೊತ್ತಾದರೆ ಬದಲಾಯಿಸಬೇಕಾದ್ದು ಸಾಮಾನ್ಯವಾಗಿ ಒಂದೇ ಸೆಟ್ಟಿಂಗ್. ಕೆಲವು ಸಲ ಅದೂ ಬೇಡ.

ಯುಇಎಫ್ಐ ಹುಡುಕುವುದು ಡ್ರೈವನ್ನಲ್ಲ, ಫೈಲನ್ನು

ಇದೊಂದು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. 1981ರ ಐಬಿಎಂ ಪಿಸಿ ಕಾಲದಿಂದ ಬಂದ ಹಳೇ ಬಯೋಸ್‌ನ ಕೆಲಸ ಸರಳ. ಪಟ್ಟಿಯಲ್ಲಿ ಮೊದಲಿರುವ ಡ್ರೈವ್‌ನ ಮೊದಲ 512 ಬೈಟ್ ಓದುತ್ತದೆ, ಅಲ್ಲಿರುವ ಕೋಡನ್ನು ಓಡಿಸುತ್ತದೆ. ಆ ಜಾಗಕ್ಕೆ ಎಂಬಿಆರ್ ಎಂದು ಹೆಸರು. ಅಲ್ಲಿ ಬೂಟ್ ಆರ್ಡರ್ ಅಂದರೆ ನಿಜವಾಗಿಯೂ ಡ್ರೈವ್‌ಗಳ ಸಾಲು.

ಹಳೇ ಬಯೋಸ್‌ನ ಜಾಗಕ್ಕೆ ಬಂದ ಈಗಿನ ಯುಇಎಫ್ಐ (ಮಾತಿನಲ್ಲಿ ಇದನ್ನೂ ಬಯೋಸ್ ಅನ್ನುತ್ತೇವೆ) ಹಾಗೆ ಮಾಡುವುದಿಲ್ಲ. ಡ್ರೈವ್‌ನಲ್ಲಿ ಎಫ್ಎಟಿ32 ಆಗಿ ಫಾರ್ಮ್ಯಾಟ್ ಆದ ಒಂದು ಸಣ್ಣ ಪಾರ್ಟಿಷನ್ ಇರುತ್ತದೆ. ಅದನ್ನು ಇಎಫ್ಐ ಸಿಸ್ಟಂ ಪಾರ್ಟಿಷನ್ ಅನ್ನುತ್ತಾರೆ. ವಿಂಡೋಸನ್ನು ಎಬ್ಬಿಸುವ ಬೂಟ್‌ಲೋಡರ್ ಅದರೊಳಗೆ ಒಂದು ಮಾಮೂಲಿ ಫೈಲ್ ಆಗಿ ಕೂತಿರುತ್ತದೆ. ಯಾವ ಡ್ರೈವ್, ಯಾವ ಪಾರ್ಟಿಷನ್, ಯಾವ ಫೈಲ್ ಎಂಬ ವಿಳಾಸವನ್ನು ಮದರ್‌ಬೋರ್ಡ್ ತನ್ನದೇ ಚಿಪ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ನೀವು ಬಯೋಸ್‌ನಲ್ಲಿ ನೋಡುವ 'ವಿಂಡೋಸ್ ಬೂಟ್ ಮ್ಯಾನೇಜರ್', 'ಉಬುಂಟು' ಮುಂತಾದ ಹೆಸರುಗಳು ಈ ವಿಳಾಸಗಳೇ.

ಇದರಿಂದ ಎರಡು ಮಾತು ಗೊತ್ತಾಗುತ್ತವೆ. ಹೊಚ್ಚ ಹೊಸ ಖಾಲಿ ಎಸ್‌ಎಸ್‌ಡಿ ಬೂಟ್ ಪಟ್ಟಿಯಲ್ಲಿ ಕಾಣದಿದ್ದರೆ ಅದು ದೋಷವೇ ಅಲ್ಲ. ಅದರಲ್ಲಿ ಬೂಟ್ ಫೈಲೇ ಇಲ್ಲವಲ್ಲ, ಏನಂತ ತೋರಿಸಬೇಕು? ಹೀಗೆ ಕಾಣಲಿಲ್ಲ ಎಂದು ಚೆನ್ನಾಗಿರುವ ಡ್ರೈವನ್ನೇ ಅಂಗಡಿಗೆ ವಾಪಸ್ ಕೊಡುವವರಿದ್ದಾರೆ. ಎರಡನೆಯದು, ಡ್ರೈವ್ ತೆಗೆದ ಮೇಲೂ ಅದರ ವಿಳಾಸ ಪಟ್ಟಿಯಲ್ಲಿ ಉಳಿದಿರಬಹುದು, ಬಾಡಿಗೆದಾರರು ಖಾಲಿ ಮಾಡಿ ಹೋದರೂ ಗೇಟಿನ ಮೇಲೆ ಹೆಸರಿನ ಬೋರ್ಡ್ ಉಳಿದ ಹಾಗೆ. ಹೆಸರು ಕಂಡಿತು ಎಂದರೆ ಡ್ರೈವ್ ಇದೆ ಎಂದಲ್ಲ.

ಒಳಗೆ ಹೋಗುವ ಮೊದಲು

ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡ್ರೈವ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ. ಯಜಮಾನರಿಗೇ ಅದು ಗೊತ್ತಿರುವುದಿಲ್ಲ. ಅಂಥ ಮಷಿನ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಅಥವಾ ಬೂಟ್ ಕ್ರಮ ಬದಲಾಯಿಸಿದರೆ ಮುಂದಿನ ಸಲ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಇಲ್ಲದಿದ್ದರೆ ಒಳಗಿನ ಡೇಟಾ ಸಿಗುವುದಿಲ್ಲ. ಯಾವ ರಿಪೇರಿ ಅಂಗಡಿಯವರೂ ತೆಗೆದುಕೊಡಲಾರರು. ಮೈಕ್ರೋಸಾಫ್ಟ್ ಖಾತೆಯ ವೆಬ್‌ಪುಟದಲ್ಲಿ ನಿಮ್ಮ ಕೀ ಇದೆಯಾ ಎಂದು ಮೊದಲು ನೋಡಿ ಕಾಗದದ ಮೇಲೆ ಬರೆದಿಡಿ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಬಿಟ್‌ಲಾಕರ್ ಭಾಗದಲ್ಲಿ 'ಸಸ್ಪೆಂಡ್' ಮಾಡಿ. ಆ ಭಾಗ ಇಲ್ಲದ ಹೋಮ್ ಆವೃತ್ತಿಯಾದರೆ ಸೆಟ್ಟಿಂಗ್ಸ್‌ನಲ್ಲಿ 'ಡಿವೈಸ್ ಎನ್‌ಕ್ರಿಪ್ಷನ್' ಆಫ್ ಮಾಡಿ, ಡೀಕ್ರಿಪ್ಟ್ ಮುಗಿಯುವ ತನಕ ಕಾಯಿರಿ.

ಬಯೋಸ್ ತೆರೆದ ಮೇಲೆ ಬೂಟ್, ಸೆಕ್ಯುರಿಟಿ, ಸ್ಟೋರೇಜ್ ಪುಟಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಾಯಿಸಿ. ಫಲ ಸಿಗದಿದ್ದರೆ ಅದನ್ನು ಹಿಂದಿನ ಸ್ಥಿತಿಗೆ ತಂದು ಮುಂದಕ್ಕೆ ಹೋಗಿ.

ಕೀ ಒತ್ತಿದರೂ ಬಯೋಸ್ ತೆರೆಯದಿದ್ದರೆ

ಬಯೋಸ್ ಸೆಟಪ್ ಬೇರೆ, ಬೂಟ್ ಮೆನು ಬೇರೆ. ಸೆಟಪ್‌ನಲ್ಲಿ ಮಾಡಿದ ಬದಲಾವಣೆ ಕಾಯಂ. ಬೂಟ್ ಮೆನುವಿನಲ್ಲಿ ಆರಿಸಿದ್ದು ಆ ಒಂದು ಸಲಕ್ಕೆ ಮಾತ್ರ. ದೋಷ ಹುಡುಕುವಾಗ ಬೂಟ್ ಮೆನುವೇ ಸರಿಯಾದ ಸಾಧನ. ಅದರಲ್ಲಿ ಏನನ್ನು ಆರಿಸಿದರೂ ಏನೂ ಕೆಡುವುದಿಲ್ಲ.

ಡೆಲ್‌ನಲ್ಲಿ ಬೂಟ್ ಮೆನುವಿಗೆ ಎಫ್12, ಸೆಟಪ್‌ಗೆ ಎಫ್2. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ, ಆಮೇಲೆ ಮೆನುವಿಗೆ ಎಫ್9, ಸೆಟಪ್‌ಗೆ ಎಫ್10. ಥಿಂಕ್‌ಪ್ಯಾಡ್‌ನಲ್ಲಿ ಎಫ್12 ಮತ್ತು ಎಫ್1. ಲೆನೊವೊದ ಅನೇಕ ಐಡಿಯಾಪ್ಯಾಡ್‌ಗಳ ಪಕ್ಕದಲ್ಲಿ ಸೂಜಿ ತೂರುವಷ್ಟೇ ಚಿಕ್ಕದೊಂದು ನೋವೋ ಬಟನ್ ಇರುತ್ತದೆ. ಮಷಿನ್ ಆಫ್ ಇರುವಾಗ ಅದನ್ನು ಒತ್ತಿದರೆ ಸಾಕು. ಆಸುಸ್ ಲ್ಯಾಪ್‌ಟಾಪ್‌ಗೆ ಎಸ್ಕೇಪ್, ಆಸುಸ್ ಡೆಸ್ಕ್‌ಟಾಪ್ ಬೋರ್ಡ್‌ಗೆ ಎಫ್8. ಎಂಎಸ್‌ಐ ಆದರೆ ಎಫ್11, ಗಿಗಾಬೈಟ್ ಆದರೆ ಎಫ್12. ಡೆಸ್ಕ್‌ಟಾಪ್‌ಗಳಲ್ಲಿ ಸೆಟಪ್‌ಗೆ ಸಾಮಾನ್ಯವಾಗಿ ಡಿಲೀಟ್ ಕೀ. ಏಸರ್‌ನ ಅನೇಕ ಮಾಡೆಲ್‌ಗಳಲ್ಲಿ ಎಫ್12 ಮೆನು ಫ್ಯಾಕ್ಟರಿಯಿಂದಲೇ ಆಫ್ ಆಗಿರುತ್ತದೆ. ಎಫ್2 ಒತ್ತಿ ಸೆಟಪ್‌ಗೆ ಹೋಗಿ ಅದನ್ನು ಆನ್ ಮಾಡಬೇಕು.

ಎಷ್ಟು ಒತ್ತಿದರೂ ವಿಂಡೋಸ್ಸೇ ಬರುತ್ತಿದೆಯಾ? ವಿಂಡೋಸ್ 8ರಿಂದ ಈಚೆಗೆ 'ಫಾಸ್ಟ್ ಸ್ಟಾರ್ಟಪ್' ಇದ್ದರೆ ಶಟ್‌ಡೌನ್ ಎಂಬುದು ಪೂರ್ತಿ ಶಟ್‌ಡೌನ್ ಅಲ್ಲ, ಅರ್ಧ ಹೈಬರ್ನೇಟ್. 'ರೀಸ್ಟಾರ್ಟ್' ಮಾತ್ರ ಪೂರ್ತಿ ಹೊಸದಾಗಿ ಶುರು ಮಾಡುತ್ತದೆ. ಆದ್ದರಿಂದ ರೀಸ್ಟಾರ್ಟ್ ಮಾಡಿ ಕೀ ಒತ್ತಿ. ಇನ್ನೂ ಸುಲಭದ ದಾರಿ: ಶಿಫ್ಟ್ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಎಂದು ಹೋಗಿ. ಆ ಕೊನೆಯ ಆಯ್ಕೆಯೇ ಕಾಣದಿದ್ದರೆ ನಿಮ್ಮ ವಿಂಡೋಸ್ ಬಹುಶಃ ಲೆಗಸಿ ಮೋಡ್‌ನಲ್ಲಿದೆ ಎಂದು ಅರ್ಥ. ಅದೂ ಒಂದು ಸುಳಿವೇ. ಡೆಸ್ಕ್‌ಟಾಪ್‌ನಲ್ಲಿ ವೈರ್‌ಲೆಸ್ ಕೀಬೋರ್ಡ್ ಇದ್ದರೆ ವೈರ್ ಇರುವುದನ್ನು ಹಾಕಿ ನೋಡಿ.

ಮೊದಲ ಪ್ರಶ್ನೆ: ಡ್ರೈವ್ ಕಾಣುತ್ತಿದೆಯಾ?

ಬೂಟ್ ಪಟ್ಟಿಯಲ್ಲಿ ನೋಡಬೇಡಿ. ಸೆಟಪ್‌ನ ಇನ್ಫರ್ಮೇಷನ್ ಅಥವಾ ಸ್ಟೋರೇಜ್ ಪುಟದಲ್ಲಿ ನೋಡಿ. ಅಲ್ಲಿ ಡ್ರೈವ್‌ನ ಮಾಡೆಲ್ ಹೆಸರು ಇರಬೇಕು. ಇಲ್ಲದಿದ್ದರೆ ಯಾವ ಬೂಟ್ ಸೆಟ್ಟಿಂಗೂ ಸಹಾಯ ಮಾಡುವುದಿಲ್ಲ. ದೋಷ ಕೇಬಲ್, ಸ್ಲಾಟ್ ಅಥವಾ ಡ್ರೈವ್‌ನಲ್ಲಿದೆ.

ಜಾಸ್ತಿ ಕಾಡುವುದು ಎಂ.2 ಸ್ಲಾಟ್. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಹಳೇ ಬಗೆಯ ಸಾಟಾ ಡ್ರೈವೂ ಬರುತ್ತದೆ, ಅದಕ್ಕಿಂತ ವೇಗದ ಎನ್‌ವಿಎಂಇ ಡ್ರೈವೂ ಬರುತ್ತದೆ. ಕೆಲವು ಸ್ಲಾಟ್‌ಗಳು ಒಂದನ್ನೇ ಒಪ್ಪುತ್ತವೆ. ಡ್ರೈವ್ ಸರಿಯಾಗಿ ಕೂರುತ್ತದೆ, ಸ್ಕ್ರೂ ಹಿಡಿಯುತ್ತದೆ, ಆದರೆ ಬಯೋಸ್‌ಗೆ ಕಾಣುವುದಿಲ್ಲ. ಕೊಳ್ಳುವ ಮೊದಲೇ ಮ್ಯಾನ್ಯುಯಲ್ ನೋಡುವುದು ಒಳ್ಳೆಯದು. ಕೆಲವು ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಇನ್ನೊಂದು ಗುಟ್ಟಿದೆ: ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಹೊಸದು ಕಂಡಿತು, ಹಳೆಯದು ಮಾಯವಾಯಿತು ಎಂದರೆ ಸುಮ್ನೆ ಗಾಬರಿಯಾಗಬೇಡಿ, ಸಾಟಾ ಕೇಬಲನ್ನು ಬೇರೆ ಪೋರ್ಟ್‌ಗೆ ಹಾಕಿ.

ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಕ್ಯಾಡಿ (ಡ್ರೈವ್ ಕೂರಿಸುವ ಚೌಕಟ್ಟು) ಹಾಕುವವರಿಗೆ ಒಂದು ಮಾತು. ಎಸ್‌ಎಸ್‌ಡಿಯನ್ನು ಮುಖ್ಯ ಜಾಗದಲ್ಲಿ ಕೂರಿಸಿ, ಹಳೇ ಹಾರ್ಡ್‌ಡಿಸ್ಕನ್ನು ಕ್ಯಾಡಿಗೆ ಹಾಕಿ. ಕೆಲವು ಲ್ಯಾಪ್‌ಟಾಪ್‌ಗಳು ಡಿವಿಡಿ ಪೋರ್ಟ್‌ನಿಂದ ಬೂಟ್ ಆಗುವುದಿಲ್ಲ. ಜೊತೆಗೆ ಕೆಲವದರಲ್ಲಿ ಆ ಪೋರ್ಟ್‌ನ ವೇಗ ಕಡಿಮೆ.

ಬಯೋಸ್‌ಗೆ ಡ್ರೈವ್ ಕಾಣುತ್ತದೆ, ಆದರೆ ವಿಂಡೋಸ್ ಇನ್‌ಸ್ಟಾಲರ್‌ಗೆ ಕಾಣುವುದಿಲ್ಲ ಎಂದರೆ ಅದು ಬೇರೆಯೇ ಕತೆ. ಇಂಟೆಲ್ 11ನೇ ತಲೆಮಾರು ಮತ್ತು ಆಮೇಲಿನ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ವಿಎಂಡಿ ಎಂಬ ಸೆಟ್ಟಿಂಗ್ ಆನ್ ಇದ್ದರೆ ಇನ್‌ಸ್ಟಾಲರ್‌ಗೆ ಇಂಟೆಲ್‌ನ ಆರ್‌ಎಸ್‌ಟಿ ಡ್ರೈವರ್ ಬೇಕು. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಅದನ್ನು ಇಳಿಸಿ, ಪೆನ್‌ಡ್ರೈವ್‌ಗೆ ಬಿಚ್ಚಿ ಹಾಕಿ, 'ಲೋಡ್ ಡ್ರೈವರ್' ಕೊಡಿ. ವಿಎಂಡಿ ಆಫ್ ಮಾಡಿದರೂ ಡ್ರೈವ್ ಕಾಣುತ್ತದೆ. ಆದರೆ ಈಗಾಗಲೇ ವಿಂಡೋಸ್ ಓಡುತ್ತಿರುವ ಮಷಿನ್‌ನಲ್ಲಿ ಹಾಗೆ ಮಾಡಬೇಡಿ. 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂದು ನಿಲ್ಲುತ್ತದೆ. ಸಾಟಾ ಮೋಡನ್ನು ರೇಡ್‌ನಿಂದ ಎಎಚ್‌ಸಿಐಗೆ ಬದಲಾಯಿಸಿದಾಗಲೂ ಅದೇ ಆಗುತ್ತದೆ. ಆಗಲೇ ಬದಲಾಯಿಸಿಬಿಟ್ಟಿದ್ದರೆ ಮೊದಲಿದ್ದ ಮೋಡ್‌ಗೆ ಮರಳಿಸಿ, ವಿಂಡೋಸ್ ಮತ್ತೆ ಬರುತ್ತದೆ.

ಎರಡನೇ ಪ್ರಶ್ನೆ: ಡ್ರೈವ್ ಕಾಣುತ್ತದೆ, ಬೂಟ್ ಪಟ್ಟಿಯಲ್ಲಿ ಇಲ್ಲ

ಡ್ರೈವ್ ಖಾಲಿ ಅಲ್ಲ, ಅದರಲ್ಲಿ ವಿಂಡೋಸ್ ಇದೆ, ಆದರೂ ಹೆಸರಿಲ್ಲ. ಆಗ ನೋಡಬೇಕಾದ್ದು ಮೋಡ್ ಹೊಂದಿಕೆ. ಡಿಸ್ಕನ್ನು ಪಾರ್ಟಿಷನ್ ಮಾಡುವ ಹಳೇ ರೀತಿ ಎಂಬಿಆರ್, ಹೊಸ ರೀತಿ ಜಿಪಿಟಿ. ಎಂಬಿಆರ್ ಡಿಸ್ಕ್‌ನ ವಿಂಡೋಸ್ ಲೆಗಸಿ ಮೋಡ್‌ನಲ್ಲಿ ಬೂಟ್ ಆಗುತ್ತದೆ. ಜಿಪಿಟಿ ಡಿಸ್ಕ್‌ನ ವಿಂಡೋಸ್ ಯುಇಎಫ್ಐ ಮೋಡ್‌ನಲ್ಲಿ ಬೂಟ್ ಆಗುತ್ತದೆ. ಇವು ಅದಲುಬದಲಾದರೆ ಡ್ರೈವ್ ಚೆನ್ನಾಗಿದ್ದೂ ಪಟ್ಟಿಗೆ ಬರುವುದಿಲ್ಲ.

ಹಳೇ ಡಿಸ್ಕ್‌ನಿಂದ ವಿಂಡೋಸ್ ಇನ್ನೂ ಓಡುತ್ತಿದ್ದರೆ ಇದನ್ನು ನೋಡುವುದು ಸುಲಭ. ಸ್ಟಾರ್ಟ್‌ನಲ್ಲಿ 'ಸಿಸ್ಟಂ ಇನ್ಫರ್ಮೇಷನ್' ತೆರೆದು 'ಬಯೋಸ್ ಮೋಡ್' ಸಾಲು ಓದಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹೊಸ ಡಿಸ್ಕ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ವಾಲ್ಯೂಮ್ಸ್ ಪುಟದಲ್ಲಿ ಪಾರ್ಟಿಷನ್ ಸ್ಟೈಲ್ ನೋಡಿ.

ಎಂಬಿಆರ್ ಡಿಸ್ಕನ್ನು ಹಾಗೇ ಕ್ಲೋನ್ (ಪೂರ್ತಿ ನಕಲು) ಮಾಡಿ ಹೊಸ ಕಂಪ್ಯೂಟರ್‌ಗೆ ಹಾಕಿದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಹೊಸ ಮಷಿನ್‌ಗಳಲ್ಲಿ ಲೆಗಸಿ ಮೋಡೇ ಇಲ್ಲದಿರಬಹುದು. 2020ರ ಹೊತ್ತಿಗೆ ಅದನ್ನು ಕೈಬಿಡುವುದಾಗಿ ಇಂಟೆಲ್ 2017ರಲ್ಲೇ ಹೇಳಿತ್ತು. ಇಲ್ಲಿ ಲೆಗಸಿ ಹುಡುಕುತ್ತಾ ಕೂರುವುದಕ್ಕಿಂತ ಡಿಸ್ಕನ್ನೇ ಜಿಪಿಟಿಗೆ ಬದಲಾಯಿಸುವುದು ಸರಿ. ವಿಂಡೋಸ್ 10ರ 1703ನೇ ಆವೃತ್ತಿಯಿಂದ 'ಎಂಬಿಆರ್2ಜಿಪಿಟಿ' ಎಂಬ ಸಾಧನ ಜೊತೆಗೇ ಬರುತ್ತದೆ. ಅದು ಡೇಟಾ ಅಳಿಸದೆ ಕೆಲಸ ಮಾಡುತ್ತದೆ. ಆದರೂ ಬ್ಯಾಕಪ್ ಇಲ್ಲದೆ ಓಡಿಸಬೇಡಿ. ಮೊದಲು 'ವ್ಯಾಲಿಡೇಟ್' ಮಾಡಿ, ಅದು ಪಾಸಾದರೆ ಮಾತ್ರ 'ಕನ್ವರ್ಟ್'. ಮುಗಿದ ಕೂಡಲೇ ಬಯೋಸ್‌ಗೆ ಹೋಗಿ ಯುಇಎಫ್ಐ ಮೋಡ್ ಆರಿಸಬೇಕು. ಅದನ್ನು ಮರೆತರೆ ವಿಂಡೋಸ್ ಬರುವುದಿಲ್ಲ. ವಿಂಡೋಸ್ 11ಕ್ಕೆ ಹೋಗುವ ಯೋಚನೆ ಇದ್ದರೆ ಇದು ಹೇಗೂ ಮಾಡಲೇಬೇಕಾದ ಕೆಲಸ.

ನಿಮ್ಮ ಬೋರ್ಡ್ ತೀರ ಹಳೆಯದು, ಡ್ರೈವ್ ಎನ್‌ವಿಎಂಇ ಎಂದಾದರೆ ಬೇರೆ ಕಾರಣ ಇದೆ. 2014ಕ್ಕಿಂತ ಹಿಂದಿನ ಹೆಚ್ಚಿನ ಬೋರ್ಡ್‌ಗಳಿಗೆ ಎನ್‌ವಿಎಂಇಯಿಂದ ಬೂಟ್ ಮಾಡುವುದೇ ತಿಳಿಯದು. ಅಡಾಪ್ಟರ್ ಕಾರ್ಡಿನಲ್ಲಿ ಹಾಕಿದರೆ ವಿಂಡೋಸ್ ಒಳಗೆ ಡ್ರೈವ್ ಚೆನ್ನಾಗಿ ಕೆಲಸ ಮಾಡುತ್ತದೆ, ಬೂಟ್‌ಗೆ ಮಾತ್ರ ಬರುವುದಿಲ್ಲ. ಅಂಥ ಮಷಿನ್‌ಗೆ ಸಾಟಾ ಎಸ್‌ಎಸ್‌ಡಿಯೇ ತಕ್ಕದ್ದು.

ಮೂರನೇ ಪ್ರಶ್ನೆ: ಆರಿಸಿದರೂ ಹಳೇ ವಿಂಡೋಸ್ಸೇ ಬರುತ್ತದೆ

ಇದು ಅತಿ ಹೆಚ್ಚು ತಲೆ ತಿನ್ನುವ ದೋಷ. ಸ್ವಲ್ಪ ನಿಧಾನವಾಗಿ ನೋಡೋಣ.

ಬೂಟ್ ಆಗುವುದರಲ್ಲಿ ಎರಡು ಹೆಜ್ಜೆ ಇವೆ. ಫರ್ಮ್‌ವೇರ್ ಒಂದು ಬೂಟ್‌ಲೋಡರನ್ನು ಎಬ್ಬಿಸುತ್ತದೆ. ಆ ಬೂಟ್‌ಲೋಡರ್ ತನ್ನ ಬಳಿ ಇರುವ ಚೀಟಿ ನೋಡಿ ಯಾವುದೋ ಪಾರ್ಟಿಷನ್‌ನ ವಿಂಡೋಸನ್ನು ಎಬ್ಬಿಸುತ್ತದೆ. ಇವೆರಡೂ ಒಂದೇ ಡ್ರೈವ್‌ನಲ್ಲಿ ಇರಬೇಕೆಂದಿಲ್ಲ. ಬಯೋಸ್‌ನಲ್ಲಿ ನೀವು ಬದಲಾಯಿಸುವುದು ಮೊದಲ ಹೆಜ್ಜೆಯನ್ನು ಮಾತ್ರ.

ಹಳೇ ಡಿಸ್ಕ್ ಜೋಡಿಸಿಟ್ಟುಕೊಂಡೇ ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿದರೆ ಇನ್‌ಸ್ಟಾಲರ್ ಏನು ಮಾಡುತ್ತದೆ ಗೊತ್ತಾ? ಈಗಾಗಲೇ ಇರುವ ಇಎಫ್ಐ ಪಾರ್ಟಿಷನ್ ಹುಡುಕಿ, ಬೂಟ್‌ಲೋಡರನ್ನು ಅಲ್ಲೇ ಬರೆದುಬಿಡುತ್ತದೆ. ಅಂದರೆ ವಿಂಡೋಸ್ ಎಸ್‌ಎಸ್‌ಡಿಯಲ್ಲಿ, ಅದರ ಬೀಗದ ಕೈ ಹಾರ್ಡ್‌ಡಿಸ್ಕ್‌ನಲ್ಲಿ. ಎಲ್ಲ ಸರಿ ಇದೆ ಎಂದು ಕೆಲವು ತಿಂಗಳ ನಂತರ ಹಳೇ ಡಿಸ್ಕ್ ತೆಗೆದ ದಿನ 'ನೋ ಬೂಟಬಲ್ ಡಿವೈಸ್' ಬರುತ್ತದೆ. ಎಸ್‌ಎಸ್‌ಡಿ ಕೆಟ್ಟಿತು ಅಂದುಕೊಳ್ಳುತ್ತಾರೆ. ಅದು ಕೆಟ್ಟಿಲ್ಲ.

ಪರೀಕ್ಷಿಸಲು ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ಡಿಸ್ಕ್‌ಪಾರ್ಟ್' ಓಡಿಸಿ, 'ಲಿಸ್ಟ್ ವಾಲ್ಯೂಮ್' ಕೊಡಿ. ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಕೊನೆಯ ಕಾಲಂನಲ್ಲಿ 'ಬೂಟ್' ಎಂದು ಇರುವುದು ಈಗ ಓಡುತ್ತಿರುವ ವಿಂಡೋಸ್. 'ಸಿಸ್ಟಂ' ಎಂದು ಇರುವುದು ಬೂಟ್‌ಲೋಡರ್ ಇರುವ ಪಾರ್ಟಿಷನ್. ಒಂದೊಂದನ್ನೂ 'ಸೆಲೆಕ್ಟ್ ವಾಲ್ಯೂಮ್' ಮಾಡಿ 'ಡೀಟೇಲ್ ವಾಲ್ಯೂಮ್' ಕೊಟ್ಟರೆ ಯಾವ ಡಿಸ್ಕ್‌ನಲ್ಲಿದೆ ಎಂದು ಹೇಳುತ್ತದೆ. ಎರಡೂ ಒಂದೇ ಡಿಸ್ಕ್ ತೋರಿಸಬೇಕು.

ಬೇರೆ ಬೇರೆ ತೋರಿಸಿದರೆ ಎಸ್‌ಎಸ್‌ಡಿಗೆ ಅದರದೇ ಇಎಫ್ಐ ಪಾರ್ಟಿಷನ್ ಮಾಡಿಕೊಡಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವನ್ನು 300 ಎಂಬಿಯಷ್ಟು ಕುಗ್ಗಿಸಿ. ಡಿಸ್ಕ್‌ಪಾರ್ಟ್‌ನಲ್ಲಿ ಆ ಡಿಸ್ಕನ್ನು ಆರಿಸಿ, ಡಿಸ್ಕ್ ಸಂಖ್ಯೆ ಸರಿ ಇದೆಯಾ ಎಂದು ಇನ್ನೊಮ್ಮೆ ನೋಡಿ, 'ಕ್ರಿಯೇಟ್ ಪಾರ್ಟಿಷನ್ ಇಎಫ್ಐ' ಕೊಡಿ. ಅದನ್ನು ಎಫ್ಎಟಿ32 ಆಗಿ ಫಾರ್ಮ್ಯಾಟ್ ಮಾಡಿ ಎಸ್ ಎಂಬ ಅಕ್ಷರ ಕೊಡಿ. ಡಿಸ್ಕ್‌ಪಾರ್ಟ್‌ನಿಂದ ಹೊರಬಂದು 'ಬಿಸಿಡಿಬೂಟ್' ಆಜ್ಞೆಗೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್, '/ಎಸ್' ಮುಂದೆ ಎಸ್ ಡ್ರೈವ್, '/ಎಫ್' ಮುಂದೆ ಯುಇಎಫ್ಐ ಕೊಡಿ. ಬೂಟ್ ಫೈಲ್‌ಗಳು ಎಸ್‌ಎಸ್‌ಡಿಗೆ ಬರುತ್ತವೆ. ಇದನ್ನು ಇನ್‌ಸ್ಟಾಲ್ ಪೆನ್‌ಡ್ರೈವ್‌ನ ರಿಪೇರಿ ಪರದೆಯಿಂದ ಮಾಡುವುದಾದರೆ ಡ್ರೈವ್ ಅಕ್ಷರಗಳು ಬದಲಾಗಿರುತ್ತವೆ. ಸಿ ಇದ್ದದ್ದು ಡಿ ಆಗಿರಬಹುದು. ಒಳಗಿನ ಫೋಲ್ಡರ್ ನೋಡಿ ಖಚಿತಪಡಿಸಿಕೊಳ್ಳಿ.

ಕ್ಲೋನ್ ಮಾಡಿದವರಿಗೆ ಒಂದೇ ನಿಯಮ: ಮೊದಲ ಬೂಟ್ ಹೊಸ ಡ್ರೈವ್ ಒಂದೇ ಇದ್ದಾಗ ಆಗಲಿ. ಹಳೆಯದನ್ನು ಕಳಚಿಡಿ. ಎರಡೂ ಒಟ್ಟಿಗೆ ಇದ್ದರೆ ಡಿಸ್ಕ್ ಗುರುತು ಒಂದೇ ಆಗಿ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಬಹುದು. ಬೂಟ್ ಪಟ್ಟಿಯಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಎರಡು ಸಲ ಕಂಡರೆ ಪಕ್ಕದಲ್ಲಿರುವ ಡ್ರೈವ್ ಮಾಡೆಲ್ ನೋಡಿ ಆರಿಸಿ.

ಪೆನ್‌ಡ್ರೈವ್ ಬೂಟ್ ಆಗದಿದ್ದರೆ

ವಿಂಡೋಸ್ ಅಥವಾ ಲಿನಕ್ಸ್ ಇನ್‌ಸ್ಟಾಲರ್‌ನ ಐಎಸ್ಒ ಫೈಲನ್ನು ಪೆನ್‌ಡ್ರೈವ್‌ಗೆ ಸುಮ್ನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ. ರೂಫಸ್‌ನಂಥ ಸಾಧನದಿಂದ ಬರೆಯಬೇಕು. ಹಾಗೆ ಬರೆದ ಪೆನ್‌ಡ್ರೈವ್ ಬೂಟ್ ಮೆನುವಿನಲ್ಲಿ ಎರಡು ಸಲ ಕಾಣಬಹುದು. ಒಂದರ ಮುಂದೆ 'ಯುಇಎಫ್ಐ' ಎಂದಿರುತ್ತದೆ, ಇನ್ನೊಂದರ ಮುಂದೆ ಇರುವುದಿಲ್ಲ. ಯಾವುದನ್ನು ಆರಿಸುತ್ತೀರೋ ವಿಂಡೋಸ್ ಆ ಮೋಡ್‌ನಲ್ಲೇ ಇನ್‌ಸ್ಟಾಲ್ ಆಗುತ್ತದೆ. 'ಈ ಡಿಸ್ಕ್ ಜಿಪಿಟಿ ಶೈಲಿಯದು, ಇಲ್ಲಿ ವಿಂಡೋಸ್ ಹಾಕಲಾಗದು' ಎಂಬ ಅರ್ಥದ ಸಂದೇಶ ಬಂದರೆ ತಪ್ಪು ಸಾಲಿನಿಂದ ಒಳಗೆ ಬಂದಿದ್ದೀರಿ. ಪಾರ್ಟಿಷನ್ ಅಳಿಸಬೇಡಿ. ಹೊರಗೆ ಬಂದು ಇನ್ನೊಂದು ಸಾಲನ್ನು ಆರಿಸಿ.

ಉಬುಂಟು, ಫೆಡೋರಾ ಸೆಕ್ಯೂರ್ ಬೂಟ್ ಆನ್ ಇದ್ದರೂ ಬೂಟ್ ಆಗುತ್ತವೆ. ಎಲ್ಲ ಲಿನಕ್ಸ್‌ಗಳೂ ಹಾಗಲ್ಲ. ಸೆಕ್ಯೂರ್ ಬೂಟ್ ಆಯ್ಕೆ ಬೂದು ಬಣ್ಣದಲ್ಲಿದ್ದು ಬದಲಾಯಿಸಲು ಆಗದಿದ್ದರೆ, ಅನೇಕ ಏಸರ್ ಲ್ಯಾಪ್‌ಟಾಪ್‌ಗಳಲ್ಲಿ ಮೊದಲು ಸೂಪರ್‌ವೈಸರ್ ಪಾಸ್‌ವರ್ಡ್ ಇಡಬೇಕು. ಆಗ ಅದು ತೆರೆದುಕೊಳ್ಳುತ್ತದೆ. ಆ ಪಾಸ್‌ವರ್ಡ್ ಮರೆತರೆ ದೊಡ್ಡ ತೊಂದರೆ, ಆದ್ದರಿಂದ ಕೆಲಸ ಮುಗಿದ ಮೇಲೆ ತೆಗೆದುಹಾಕಿ.

ಬದಲಾಯಿಸಿದ್ದು ನಿಲ್ಲುತ್ತಿಲ್ಲ

ಬೂಟ್ ಆರ್ಡರ್ ಸರಿ ಮಾಡಿದಿರಿ, ಮರುದಿನ ಮತ್ತೆ ಹಳೇ ಡ್ರೈವ್. ಮೊದಲು ಗಡಿಯಾರ ನೋಡಿ. ದಿನಾಂಕವೂ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್‌ನ ಸಿಆರ್2032 ಬ್ಯಾಟರಿ ಮುಗಿದಿದೆ. ಡೆಸ್ಕ್‌ಟಾಪ್‌ನಲ್ಲಿ ಅದನ್ನು ಬದಲಾಯಿಸುವುದು ಸುಲಭ, ಬೆಲೆಯೂ ಕಡಿಮೆ. ಪವರ್ ಕೇಬಲ್ ಕಿತ್ತು ಬದಲಾಯಿಸಿ, ಆಮೇಲೆ ಫೋಟೋ ನೋಡಿ ಸೆಟ್ಟಿಂಗ್‌ಗಳನ್ನು ಮತ್ತೆ ಹಾಕಿ.

ಗಡಿಯಾರ ಸರಿಯಾಗಿದ್ದು, ವಿಂಡೋಸ್ ಜೊತೆ ಲಿನಕ್ಸ್ ಇದ್ದರೆ, ವಿಂಡೋಸ್ ಅಪ್‌ಡೇಟ್ ಆದ ಮೇಲೆ ತನ್ನ ಹೆಸರನ್ನೇ ಮೊದಲಿಗೆ ತಂದುಕೊಂಡಿರಬಹುದು. ಬೂಟ್ ಮೆನುವಿನಿಂದ ಲಿನಕ್ಸ್‌ಗೆ ಹೋಗಿ 'ಇಎಫ್ಐಬೂಟ್‌ಎಂಜಿಆರ್' ಓಡಿಸಿದರೆ ಪಟ್ಟಿ ಕಾಣುತ್ತದೆ, ಅದರಿಂದಲೇ ಕ್ರಮವನ್ನೂ ಬದಲಾಯಿಸಬಹುದು. ಖಾಲಿ ಉಳಿದ ಹಳೇ ವಿಳಾಸಗಳನ್ನು ಅಳಿಸಲೂ ಇದೇ ಸಾಧನ.

ಫರ್ಮ್‌ವೇರ್ ಅಪ್‌ಡೇಟನ್ನು ನಾನು ಕೊನೆಗೆ ಇಡುತ್ತೇನೆ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿ ಚಾರ್ಜರ್ ಹಾಕಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇದ್ದಾಗ ಮಾತ್ರ ಮಾಡಿ. ಬಿಟ್‌ಲಾಕರ್ ಸಸ್ಪೆಂಡ್ ಆಗಿಯೇ ಇದೆಯಾ ಎಂದು ಇಲ್ಲೂ ಒಮ್ಮೆ ನೋಡಿ.

ಹೊಸ ಡ್ರೈವ್‌ನಿಂದ ಬೂಟ್ ಆಯಿತು ಎಂದರೆ ಹಳೇ ಡಿಸ್ಕನ್ನು ಆ ಗಳಿಗೆಯಲ್ಲೇ ಫಾರ್ಮ್ಯಾಟ್ ಮಾಡಬೇಡಿ. ಅದನ್ನು ಕಳಚಿಟ್ಟು ಕೆಲವು ದಿನ ಮಷಿನ್ ಬಳಸಿ. ಪೂರ್ತಿ ಶಟ್‌ಡೌನ್, ರೀಸ್ಟಾರ್ಟ್, ಒಂದು ವಿಂಡೋಸ್ ಅಪ್‌ಡೇಟ್, ಇವೆಲ್ಲ ಸರಿಯಾಗಿ ನಡೆದ ಮೇಲೆ ಮತ್ತೆ ಜೋಡಿಸಿ. ಬೂಟ್ ಮೆನು ತೆರೆದು ಮೊದಲ ಹೆಸರು ಹೊಸ ಡ್ರೈವ್‌ನದೇ ಎಂದು ನೋಡಿಕೊಂಡು, ಬಿಟ್‌ಲಾಕರ್ ಅಥವಾ ಎನ್‌ಕ್ರಿಪ್ಷನ್ ಮತ್ತೆ ಆನ್ ಮಾಡಿ.